ತಾಯಿ ನೋಡದೆ ತಂದ ಮರಿ

ಕುರಿ ಸಾಕುವ ಮನೆಗೆ ನಾಯಿ ಬೇಕೇ ಬೇಕು. ತೊಗರಿ ಕಟಾವಾಗಿ ಹೊಲ ಬಯಲಾಯಿತೆಂದರೆ ನಮ್ಮ ಕಡೆ ತೋಳ ಹಾಡುಹಗಲೇ ಕುರಿದಡ್ಡಿಯ ಸುತ್ತ ಸುಳಿಯುತ್ತದೆ. ನಮ್ಮೂರ ಬೀರಣ್ಣನ ಮುದಿ ನಾಯಿ ಹೋದ ದೀಪಾವಳಿಯ ಹೊತ್ತಿಗೆ ತೀರಿಕೊಂಡಿತು. ಅಂದಿನಿಂದ ಅವನಿಗೆ ಒಂದೇ ಚಿಂತೆ. ಹೊಸ ಮರಿ ಬೇಕು, ಅದೂ ಕಾರವಾನಿ ನಾಯಿಯ ಮರಿಯೇ ಬೇಕು. ಉದ್ದ ಕಾಲು, ಸಣ್ಣ ನಡು, ಬಿಟ್ಟರೆ ಗಾಳಿಗೂ ಸಿಗದ ನಾಯಿ ಅದು.

ನಾನು ಸುಂದರಬಾಯಿ. ಮಾದನಹಿಪ್ಪರಗಾ ಹತ್ತಿರದ ಸಣ್ಣ ಊರೊಂದರಲ್ಲಿ ಪಶುಸಖಿ. ದನ, ಕುರಿ, ಕೋಳಿಗಳಿಗೆ ಮೊದಲ ಉಪಚಾರ ಮಾಡುತ್ತೇನೆ, ಲಸಿಕೆ ದಿನ ಬಂತೆಂದರೆ ಮನೆಮನೆ ಬಾಗಿಲು ಬಡಿಯುತ್ತೇನೆ. ನನಗೆ ಬಾಯಿ ಜಾಸ್ತಿ ಎಂದು ಊರವರು ಹೇಳುತ್ತಾರೆ. ಬಾಯಿ ಇಲ್ಲದ ಜೀವಗಳ ಪರವಾಗಿ ಮಾತಾಡುವವಳಿಗೆ ಬಾಯಿ ಜಾಸ್ತಿ ಇರದಿದ್ದರೆ ನಡೆದೀತೇ, ನೀವೇ ಹೇಳಿ. ಈ ಕಥೆಯನ್ನು ಬೀರಣ್ಣ ಮತ್ತು ಅವನ ಹೆಂಡತಿ ಗಂಗುಬಾಯಿ ಇಬ್ಬರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. "ಹೇಳ್ರಿ ಅಕ್ಕಾ, ನನ್ನಂಗ ಮತ್ತೊಬ್ಬಾಂವ ಮೋಸ ಹೋಗೂದು ಬ್ಯಾಡ" ಎಂದವನು ಬೀರಣ್ಣನೇ.

ಒಂದು ಸಂತೆಯ ದಿನ ಬೀರಣ್ಣ ಅಂಗಿಯೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಮನೆಗೆ ಬಂದ. ಗುಂಡಿ ಬಿಚ್ಚಿದರೆ ಅಂಗೈಯಗಲದ ನಾಯಿಮರಿ! ಸಂತೆಯ ಹೊರಗೆ ಒಬ್ಬ ಮೋಟಾರ್ ಸೈಕಲ್ ಹಿಂದೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿಕೊಂಡು ನಿಂತಿದ್ದನಂತೆ. ಬುಟ್ಟಿಯಲ್ಲಿ ಏಳೆಂಟು ಮರಿ, ಒಂದರ ಮೇಲೊಂದು. "ಅಸಲಿ ಕಾರವಾನಿ ಅಣ್ಣಾ, ಇವತ್ತ ಬಿಟ್ರ ಮತ್ತ ಸಿಗಂಗಿಲ್ಲ" ಎಂದನಂತೆ. ಬೀರಣ್ಣ ಎತ್ತಿ ನೋಡಿದ, ಹಿಡಿಸಿತು, ತಂದ.

ತಾಯಿ ಎಲ್ಲಿ ಎಂದು ಅವನು ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮೂರ ಕಡೆ ಒಂದು ನಂಬಿಕೆ ಇದೆ. ತಾಯಿ ನಾಯಿಯ ಕಣ್ಣೆದುರು ಮರಿ ಎತ್ತಿದರೆ ಅದರ ಶಾಪ ಮನೆಗೆ ತಟ್ಟುತ್ತದೆ ಎನ್ನುತ್ತಾರೆ. ಹಾಗಾಗಿ ಮರಿ ಕೊಡುವವರು ತಾಯಿಯನ್ನು ಹೊಲದ ಕಡೆ ಅಟ್ಟುತ್ತಾರೆ, ಒಯ್ಯುವವರು ಮರಿಯನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಹಿಂದೆ ನೋಡದೆ ಹೊರಡುತ್ತಾರೆ. ಕಣ್ಣು ಬಿಟ್ಟ ಹೊಸತರಲ್ಲೇ ತಂದರೆ ಮರಿ ಮನೆಗೆ ಬೇಗ ಹೊಂದಿಕೊಳ್ಳುತ್ತದೆ ಎಂಬ ಮಾತು ಬೇರೆ. ಆ ಮಾರುವವನಿಗೆ ಈ ಎರಡೂ ಮಾತು ಬಾಯಿಪಾಠ. "ತಾಯಿ ಕಣ್ಣ ತಪ್ಪಿಸಿ ತಂದೇನಿ ಅಣ್ಣಾ, ನಿಮಗ ಯಾವ ಶಾಪಾನೂ ತಟ್ಟಂಗಿಲ್ಲ" ಎಂದು ತಾನಾಗಿಯೇ ಹೇಳಿದನಂತೆ. ಕಳ್ಳನ ಕೈಗೆ ನಾವೇ ಬೀಗದ ಕೈ ಕೊಟ್ಟಂತಾಯಿತು.

ಇನ್ನು ಗಂಗುಬಾಯಿಯ ವಿಷಯ. ನಮ್ಮೂರಿನಲ್ಲಿ ಯಾವ ಕುರಿ ಈದು ಸತ್ತರೂ ಅದರ ತಬ್ಬಲಿ ಮರಿ ಹೋಗುವುದು ಗಂಗುಬಾಯಿಯ ಅಂಗಳಕ್ಕೆ. ಬಾಟಲಿಗೆ ನಿಪ್ಪಲ್ ಹಾಕಿ, ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಕುಡಿ ನನ್ನಪ್ಪಾ, ಕುಡಿ ನನ್ನವ್ವಾ" ಎಂದು ಅವಳು ರಮಿಸುವುದನ್ನು ನೋಡಲು ಎರಡು ಕಣ್ಣು ಸಾಲದು. ನಾಳೆ ಸಾಯುತ್ತದೆ ಎಂದು ನಾನು ಕೈಬಿಟ್ಟ ಮರಿಗಳೂ ಅವಳ ಕೈಯಲ್ಲಿ ಜಿಗಿದಾಡಿದ್ದಿದೆ. "ಗಂಗುಬಾಯಿ ಕೈಗುಣ ಭಾಳ ಚಲೋ" ಎಂಬುದು ಊರಿನ ಮಾತು. ಅವಳಿಗೂ ಒಳಗೊಳಗೇ ಅದರ ಹೆಮ್ಮೆ ಇತ್ತು, ಇರಬೇಕಾದದ್ದೇ.

ಆ ನಾಯಿಮರಿಯನ್ನು ಅವಳು ಎದೆಗವಚಿಕೊಂಡಳು. ಮರುದಿನವೇ ಅದು ವಾಂತಿ ಮಾಡಿತು. ಮೂರನೆಯ ದಿನ ರಕ್ತಭೇದಿ. ನಾನು ತರಬೇತಿಗೆಂದು ಕಲಬುರ್ಗಿಗೆ ಹೋಗಿದ್ದೆ, ಬಂದವಳೇ ಮರಿಯನ್ನೂ ಗಂಗುಬಾಯಿಯನ್ನೂ ಕರೆದುಕೊಂಡು ಆಳಂದದ ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. "ಇದು ಪಾರ್ವೋ, ನಾಯಿಮರಿಗಳಿಗೆ ಅಂಟೋ ಭೇದಿ ರೋಗ. ಮರಿಗೆ ತಿಂಗಳೂ ತುಂಬಿಲ್ಲ, ಲಸಿಕೆ ಹಾಕೋ ವಯಸ್ಸೇ ಅಲ್ಲ. ಇಷ್ಟು ಜಲ್ದಿ ತಾಯಿಂದ ಬಿಡಿಸಿದವರು ಯಾರು?" ಎಂದರು. ಸಲೈನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ನಾಲ್ಕನೆಯ ದಿನ ಮುಂಜಾನೆ ಅದು ಗಂಗುಬಾಯಿಯ ಮಡಿಲಲ್ಲೇ ಕಣ್ಣು ಮುಚ್ಚಿತು.

ಬೀರಣ್ಣ ಸಿಟ್ಟಿನಲ್ಲಿ, ಮಾರಿದವನು ಕೊಟ್ಟಿದ್ದ ನಂಬರಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಮತ್ತೆ ಹಚ್ಚಿದ, ಸ್ವಿಚ್ ಆಫ್. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿನ್ನ ಕೈಯಾಗ ಕೊಟ್ಟಿದ್ದೇ ತಪ್ಪಾತು" ಎಂದುಬಿಟ್ಟ.

ಅಷ್ಟೇ ಮಾತು. ಆಡಿದವನು ಕುರಿ ಬಿಟ್ಟುಕೊಂಡು ಹೋದ. ಕೇಳಿದವಳು ಅಲ್ಲೇ ಕುಳಿತಳು.

ಎಂಟು ದಿನ ಕಳೆದಿರಬೇಕು. ಅವರದೇ ದಡ್ಡಿಯಲ್ಲಿ ಒಂದು ಕುರಿ ಈದು ಸತ್ತಿತು. ಮರಿ ಬದುಕಿತ್ತು, ಹೆಣ್ಣುಮರಿ, ಇನ್ನೂ ಮೈ ಆರಿರಲಿಲ್ಲ. ಬೀರಣ್ಣ ಎಂದಿನಂತೆ ತಂದು ಹೆಂಡತಿಯ ಮುಂದೆ ಇಟ್ಟ. ಗಂಗುಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ನಾ ಮುಟ್ಟಂಗಿಲ್ಲ."

"ಏ ಗಂಗೂ, ಮರಿ ಸಾಯ್ತದಬೇ!"

"ನಾ ಮುಟ್ಟಿದ್ರ ಸಾಯ್ತದ. ಮತ್ತೊಬ್ಬರಿಗೆ ಕೊಡ್ರಿ."

ಬೀರಣ್ಣ ಮರಿ ಎತ್ತಿಕೊಂಡು ನನ್ನ ಮನೆಗೆ ಬಂದ. ಅವನ ಮುಖ ಸಣ್ಣದಾಗಿತ್ತು. ನಾನು ಗಂಗುಬಾಯಿಯ ಹತ್ತಿರ ಓಡಿದೆ. "ಡಾಕ್ಟರು ಹೇಳಿದ್ದು ಕೇಳ್ಳಿಲ್ಲೇನು ತಂಗಿ? ಅದು ರೋಗ. ನಿನ್ನ ಕೈದೇನದ ಅದರಾಗ?" ಎಂದೆ.

"ಡಾಕ್ಟರು ದೊಡ್ಡವರು, ಸಮಾಧಾನಕ್ಕ ಹೇಳ್ತಾರ್ರಿ ಅಕ್ಕಾ. ಮನಿ ಗಂಡಸು ಖರೇ ಹೇಳ್ಯಾನ" ಎಂದಳು. ಅಳಲೂ ಇಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಕುರಿಮರಿ ನನ್ನ ಪಾಲಿಗೆ ಬಂತು. ಒಪ್ಪಿಕೊಳ್ಳುತ್ತೇನೆ, ಊರಿಗೆಲ್ಲ ಬುದ್ಧಿ ಹೇಳುವ ನನಗೆ ಒಂದು ಮರಿಗೆ ನೆಟ್ಟಗೆ ಹಾಲು ಕುಡಿಸಲು ಬರುವುದಿಲ್ಲ. ಅರ್ಧ ಹಾಲು ಅದರ ಮೂಗಿಗೆ, ಅರ್ಧ ನನ್ನ ಸೀರೆಗೆ. ಎರಡು ದಿನದಲ್ಲಿ ಮರಿ ಸೊರಗತೊಡಗಿತು. ಹೀಗೇ ಬಿಟ್ಟರೆ ವಾರ ತಡೆಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಈ ಮರಿಯೂ ಹೋದರೆ ಗಂಗುಬಾಯಿ ಮತ್ತೆಂದೂ ಬಾಟಲಿ ಹಿಡಿಯುವುದಿಲ್ಲ ಎಂಬುದೂ ಗೊತ್ತಾಯಿತು.

ನೆಟ್ಟಗೆ ದಡ್ಡಿಗೆ ಹೋಗಿ ಬೀರಣ್ಣನನ್ನು ಹಿಡಿದೆ.

"ತಮ್ಮಾ, ಹೋದ ವರ್ಷ ಟಗರಿನ ಮರಿ ತಂದೆಲ್ಲ, ಏನೇನ್ ನೋಡಿ ತಂದಿ?"

ಟಗರಿನ ಮಾತೆಂದರೆ ಅವನಿಗೆ ಹುರುಪು. "ತಾಯಿ ನೋಡಿದೆ ಅಕ್ಕಾ. ತಾಯಿ ಕೆಚ್ಚಲ ನೋಡಿದೆ, ಎಷ್ಟ ಸರ್ತಿ ಈದದ ಕೇಳಿದೆ. ಅಪ್ಪ ಟಗರು ಯಾರ ಹಿಂಡಿನ್ದು ಅಂತ ವಿಚಾರಿಸಿದೆ. ಅವರ ದಡ್ಡಿ ಸಾಫ ಅದ ಏನ, ಉಳಿದ ಮರಿ ಚುರುಕ ಅವ ಏನ, ಎಲ್ಲಾ ನೋಡಿದೆ. ಮೂರ ಸರ್ತಿ ಹೋಗಿ ಬಂದೆ."

"ಮತ್ತ ನಾಯಿಮರಿಗೆ?"

ಬೀರಣ್ಣ ಕೋಲಿನಿಂದ ನೆಲ ಗೀಚಿದ. "ನಾಯಿಗೆ ಏನ್ ನೋಡೂದ್ರಿ ಅಕ್ಕಾ? ನಾಯಿ ಅಂದ್ರ ನಾಯಿ."

"ಹೌದಪಾ ಹೌದು! ಕಡೀಕ ಕೊಯ್ದು ತಿನ್ನೂ ಟಗರಿಗೆ ಮೂರು ಸರ್ತಿ ಹೋಗಿ ಬಂದಿ. ಹತ್ತು ಹನ್ನೆರಡು ವರ್ಷ ನಿನ್ನ ಕುರಿ, ನಿನ್ನ ಮನಿ ಕಾಯೂ ಜೀವಾ ಮೋಟಾರ್ ಸೈಕಲ್ ಹಿಂದಿನ ಬುಟ್ಟಿಯಿಂದ ಎತ್ಗೊಂಡು ಬಂದಿ. ಭಾಳ ಶ್ಯಾಣ್ಯಾ ಇದ್ದಿ ಬಿಡು."

ಅವನು ಕುರಿಗಳ ಕಡೆ ತಿರುಗಿದ. ನಾನೂ ಬಿಡಲಿಲ್ಲ. ಜೇವರ್ಗಿ ತಾಲೂಕಿನಲ್ಲಿ, ಅಂದೋಲಾದ ಆಚೆ, ಕುಲಸುಮಬಿ ಎಂಬ ಹಿರಿಯ ಹೆಣ್ಣುಮಗಳಿದ್ದಾಳೆ, ಮೂವತ್ತು ವರ್ಷದಿಂದ ಕಾರವಾನಿ ನಾಯಿ ಸಾಕುತ್ತಾಳೆ, ತರಬೇತಿಯಲ್ಲಿ ಅವಳ ಹೆಸರು ಕೇಳಿದ್ದೇನೆ, ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ್ದೇನೆ, ಹೋಗಿ ಬರೋಣ ಎಂದೆ.

"ಅಂದೋಲಾ ಆಚೇನ? ಆಳಂದ, ಕಲಬುರ್ಗಿ, ಜೇವರ್ಗಿ, ಒಂದ ನಾಯಿಮರಿ ಸಲವಾಗಿ ಇಷ್ಟ ಬಸ್ ಬದಲಿ ಮಾಡೂದಾ?"

"ಸೊಸಿ ನೋಡಾಕ ಸೊಲ್ಲಾಪುರ ತನಕ ಹೋಗಿ ಬರ್ತೀರಿ. ಬಾ ಸುಮ್ಮ."

ಗಂಗುಬಾಯಿ ಬರುವುದಿಲ್ಲ ಎಂದು ಹಟ ಹಿಡಿದಳು. "ನೀ ಏನೂ ಮುಟ್ಟಬ್ಯಾಡ, ಮಾಡಬ್ಯಾಡ. ನನ್ನ ಜೋಡಿ ಖಾಲಿ ಕುಂಡರಾಕ ಬಾ" ಎಂದು ಕೈ ಹಿಡಿದು ಎಳೆದುಕೊಂಡು ಹೊರಟೆ. ಕುರಿಮರಿಯನ್ನು ಬಿಟ್ಟುಹೋಗುವಂತಿಲ್ಲ, ಮೂರು ತಾಸಿಗೊಮ್ಮೆ ಹಾಲು ಕುಡಿಸಬೇಕು. ಗೋಣಿಚೀಲದಲ್ಲಿ ಕುಳ್ಳಿರಿಸಿ, ಕುತ್ತಿಗೆ ಹೊರಗಿಟ್ಟು, ಬಸ್ ಹತ್ತಿಸಿದೆ. ಕಂಡಕ್ಟರ್ ನೋಡಿ, "ಅಕ್ಕಾ, ಇದಕ್ಕ ಆಧಾರ್ ಕಾರ್ಡ್ ಅದ ಏನ್ರಿ? ಹೆಣ್ಣುಮಕ್ಕಳಿಗೆ ಫ್ರೀ ಅದ" ಎಂದ. ಬಸ್ಸಿನವರೆಲ್ಲ ನಕ್ಕರು. ಗಂಗುಬಾಯಿ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು, ಆದರೆ ಮರಿ ಒಮ್ಮೆ ಅರಚಿದಾಗ ಅವಳ ಕೈ ಸೆರಗಿನೊಳಗೇ ಮಿಸುಕಿದ್ದನ್ನು ನಾನು ಕಂಡೆ.

ಕುಲಸುಮಬಿಯ ಮನೆ ಊರಂಚಿನಲ್ಲಿ. ದೊಡ್ಡ ಅಂಗಳ, ಬೇವಿನ ಮರ, ಒಂದು ಬದಿಗೆ ತಂತಿ ಜಾಲರಿ ಹಾಕಿದ ಜಾಗ. ನಾವು ಗೇಟಿಗೆ ಬಂದೊಡನೆ ಒಳಗಿಂದಲೇ ಕೂಗಿದಳು, "ಅಲ್ಲೇ ನಿಂದರ್ರಿ! ಮರಿ ಸತ್ತ ಮನಿಯವರು ನೀವೇ ಏನ್ರಿ, ಫೋನ್ ಮಾಡಿದವ್ರು?"

ನನಗೆ ಅವಮಾನವಾದಂತಾಯಿತು. ಬೀರಣ್ಣನ ಮೂಗಂತೂ ಕೆಂಪಾಯಿತು. ಅವಳು ಹೊರಗೆ ಬಂದಳು. ಅರವತ್ತು ದಾಟಿದ ಸಣಕಲು ಹೆಂಗಸು, ಕಣ್ಣು ಮಾತ್ರ ಚುರುಕು. ಗೇಟಿನ ಹತ್ತಿರ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಟಬ್ ಇತ್ತು. "ಸಿಟ್ಟಾಗಬ್ಯಾಡ್ರಿ ಬೇಟಾ. ಆ ರೋಗ ಚಪ್ಪಲ್ದಾಗ ಕುಂತು ಬರ್ತದ. ಚಪ್ಪಲ್ ಹೊರಗ ಬಿಡ್ರಿ, ಇದರಾಗ ಕಾಲು ಅದ್ದಿ, ಕೈ ತೊಳಕೊಂಡು ಬರ್ರಿ. ಮರಿ ದೂರದಿಂದ ನೋಡ್ರಿ, ಮುಟ್ಟಾಕ ಕೊಡಂಗಿಲ್ಲ. ನೀವಷ್ಟೇ ಅಲ್ಲ, ಯಾರು ಬಂದ್ರೂ ಇದೇ ಕಾನೂನು."

ಬೇವಿನ ನೆರಳಿನಲ್ಲಿ ಕುಳಿತೆವು. ಚಹಾ ಕೊಟ್ಟಳು. ನಾವು ಮರಿಯ ಬಗ್ಗೆ ಕೇಳುವ ಮೊದಲೇ ಅವಳು ನಮ್ಮನ್ನು ಕೇಳತೊಡಗಿದಳು. ಮನೆಯಲ್ಲಿ ಯಾರ್ಯಾರಿದ್ದೀರಿ? ನಾಯಿಯನ್ನು ಕಟ್ಟಿ ಹಾಕುತ್ತೀರೋ, ಬಿಡುತ್ತೀರೋ? ಕುರಿ ಮೇಯಿಸಲು ದೂರ ಹೋದರೆ ಅದಕ್ಕೆ ಊಟ ಏನು? ಹಿಂದಿನ ನಾಯಿ ಎಷ್ಟು ವರ್ಷ ಬದುಕಿತ್ತು? ಹುಚ್ಚುನಾಯಿ ರೋಗದ ಲಸಿಕೆ ವರ್ಷವರ್ಷ ಹಾಕಿಸಿದ್ದಿರೋ ಇಲ್ಲವೋ?

ಬೀರಣ್ಣನಿಗೆ ಕಿರಿಕಿರಿ. ನನ್ನ ಕಿವಿಯಲ್ಲಿ, "ಹೆಣ್ಣ ಕೊಡೂ ಮಂದೀನೂ ಇಷ್ಟ ಕೇಳಂಗಿಲ್ಲ ಅಕ್ಕಾ" ಎಂದ. ಅದು ಕುಲಸುಮಬಿಗೆ ಕೇಳಿಸಿತು.

"ಕೇಳಬೇಕಪಾ. ಬೆಳೆಸಿ ಕೊಡಾಕಿ ನಾನು. ಯಾರಿಗೆ ಕೊಡಾಕತ್ತೇನಿ ಅಂತ ನನಗ ಗೊತ್ತಾಗಬ್ಯಾಡೇನು? ನಿನಗ ಬುಟ್ಟಿಯಾಗಿಂದು ಕೊಟ್ನಲ್ಲ, ಅಂವ ನಿನಗ ಏನರೆ ಕೇಳಿದನೇನು?"

"ಇಲ್ರಿ ಅಮ್ಮಾ. ರೊಕ್ಕ ಒಂದು ಕೇಳಿದ."

ಆಮೇಲೆ ಜಾಲರಿಯ ಹತ್ತಿರ ಕರೆದೊಯ್ದು ತೋರಿಸಿದಳು. ಮೊದಲು ತಾಯಿ. ಹಿರಣಿ ಎಂದು ಅದರ ಹೆಸರು. ಬಾದಾಮಿ ಬಣ್ಣದ ಎತ್ತರದ ನಾಯಿ, ಮೈ ಹೊಳೆಯುತ್ತಿತ್ತು, ಅಪರಿಚಿತರನ್ನು ಕಂಡು ಗುರ್ ಎಂದಿತು, ಒಡತಿಯ ಒಂದೇ ಮಾತಿಗೆ ಸುಮ್ಮನಾಯಿತು. ಅದರ ಹಿಂದೆ ಐದು ಮರಿಗಳು ಒಂದರ ಬಾಲ ಒಂದು ಕಚ್ಚಿ ಆಡುತ್ತಿದ್ದವು.

"ಇಕಿಗೆ ನಾಕ ವರ್ಷ. ಇದು ಎರಡನೇ ಸೂಲು. ಎರಡು ವರ್ಷ ತುಂಬೂತನಕ ಮೊದಲನೇದೂ ಆಗಗೊಟ್ಟಿಲ್ಲ. ಇನ್ನೊಂದು ಆಗಬಹುದು, ಅದೂ ಪೂರಾ ಆರಾಮ ಕೊಟ್ಟು. ಆಮ್ಯಾಲ ಬಂದ್. ಬೆದಿಗೆ ಬಂದಾಗೆಲ್ಲ ಗಬ್ಬ ಮಾಡಿಸಿ ಮಾಡಿಸಿ ಎಲಬು ಚಕ್ಕಳ ಮಾಡಿ ಬೀದಿಗೆ ಬಿಡೂ ಮಂದಿ ಅದಾರ. ಅಣ್ಣ ತಂಗಿ ಅನ್ನದ ಕೂಡಿಸ್ತಾರ, ಕುಂಟ ಕುರುಡ ಹುಟ್ಟತಾವ. ಥೂ, ಅವರ ಮಾತು ಬ್ಯಾಡ. ಇವುಗಳ ಅಪ್ಪ ಯಡ್ರಾಮಿ ಕಡಿಂದು, ರಕ್ತಸಂಬಂಧ ಇಲ್ಲ. ಬೇಕಂದ್ರ ಹೋಗಿ ನೋಡಿ ಬರ್ರಿ, ವಿಳಾಸ ಕೊಡ್ತೇನಿ."

ಪ್ರತಿ ಮರಿಗೂ ಒಂದು ಕಾರ್ಡು. ಹುಟ್ಟಿದ ದಿನ, ಜಂತಿನ ಔಷಧ ಹಾಕಿದ ದಿನ, ಮೊದಲ ಲಸಿಕೆಯ ದಿನ, ಡಾಕ್ಟರ ಸಹಿ. ನಾಯಿ ಸಾಕಿ ಮಾರಲು ಸರ್ಕಾರ ಕೊಟ್ಟ ನೋಂದಣಿಯ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

ಬೀರಣ್ಣ ಮೆಲ್ಲಗೆ ಕೇಳಿದ, "ಅಮ್ಮಾ, ತಾಯಿ ಕಣ್ಣ ಮುಂದ ಮರಿ ಒಯ್ದ್ರ ಶಾಪ ತಟ್ಟಂಗಿಲ್ಲೇನ್ರಿ?"

"ತಿಂಗಳ ತುಂಬದ ಕೂಸು ಕಸಗೊಂಡ್ರ ಯಾವ ತಾಯಿ ಬಿಟ್ಟಾಳು? ಶಾಪ ಹಾಕೇ ಹಾಕ್ತಾಳ. ಎರಡು ತಿಂಗಳ ಆಗಲಿ, ನೋಡು. ಹಾಲಿಗೆ ಬಂದ್ರ ತಾಯಿನೇ ಗುರ್ ಅಂತ ದೂರ ಸರಿಸ್ತಾಳ. ಇನ್ನ ಸಾಕು, ನಿನ್ನ ಹೊಟ್ಟಿ ನೀ ನೋಡ್ಕೋ ಅಂತಾಳ. ಅಷ್ಟೊತ್ತಿಗೆ ಹ್ಯಾಂಗ ಕಚ್ಚಬೇಕು, ಎಲ್ಲಿ ಬಿಡಬೇಕು, ಯಾರಿಗೆ ಅಂಜಬೇಕು, ಎಲ್ಲಾ ಕಲಿಸಿರ್ತಾಳ. ಅಕಿ ಬಿಟ್ಟ ಮ್ಯಾಲ ಒಯ್ದ್ರ ಶಾಪ ಎಲ್ಲೀದು? ಎಂಟು ವಾರದ ಒಳಗಿನ ಮರಿ ಮಾರಬಾರದು ಅಂತ ಸರ್ಕಾರದ ಕಾನೂನೂ ಅದ."

ಬೀರಣ್ಣ ಹಿರಣಿಯನ್ನೇ ನೋಡುತ್ತ ನಿಂತ. ಕುಲಸುಮಬಿ ಅವನನ್ನು ಬಿಟ್ಟು ಗಂಗುಬಾಯಿಯ ಕಡೆ ತಿರುಗಿದಳು. ಬಂದಾಗಿನಿಂದ ಒಂದು ಮಾತೂ ಆಡದ, ಕೈ ಹೊರಗೆ ತೆಗೆಯದ ಹೆಂಗಸನ್ನು ಅವಳು ಆಗಲೇ ಗಮನಿಸಿದ್ದಳು.

"ಬೇಟಿ, ಮರಿ ಸಾಕಿದಾಕಿ ನೀನೇ ಏನು? ಅದು ಬಂದ ದಿನ ಹ್ಯಾಂಗಿತ್ತು, ಹೇಳು ನನಗ."

ಗಂಗುಬಾಯಿ ತಲೆ ತಗ್ಗಿಸಿದಳು. ತಗ್ಗಿಸಿಕೊಂಡೇ ಹೇಳಿದಳು. "ಹೊಟ್ಟಿ ಉಬ್ಬಿತ್ರಿ. ಆಡತಿದ್ದಿಲ್ಲ. ಕಣ್ಣಾಗ ನೀರಿತ್ತು. ನಾ ಹಾಲಿಗೆ ನೀರ ಬೆರೆಸಿ, ಉಗುರಬೆಚ್ಚಗ ಮಾಡಿ, ಹನಿಹನಿ ಹಾಕಿದೆ. ಜರಾ ಕುಡೀತು. ಮರುದಿನ ವಾಂತಿ ಹಿಡೀತು."

"ಮರುದಿನಾನೇ?"

"ಹೌದ್ರಿ. ಮುಂಜಾನೇನೇ."

ಕುಲಸುಮಬಿ ನನ್ನನ್ನು ನೋಡಿದಳು, ಬೀರಣ್ಣನನ್ನು ನೋಡಿದಳು, ಮತ್ತೆ ಗಂಗುಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಕೇಳು ಮಗಳಾ. ಪಾರ್ವೋ ಮರಿ ಹೊಟ್ಯಾಗ ಹೊಕ್ಕ ಮ್ಯಾಲ ಹೊರಗ ತೋರಿಸಾಕ ಮೂರು ನಾಕು ದಿನರೆ ಬೇಕು, ಒಮ್ಮೊಮ್ಮೆ ವಾರ ಹಿಡೀತದ. ನಿನ್ನ ಮನಿಯಾಗ ಹತ್ತಿದ್ದು ಮರುದಿನ ಹ್ಯಾಂಗ ತೋರಿಸ್ತದ? ಆ ಮರಿ ಬುಟ್ಟಿಯಾಗಿದ್ದಾಗೇ ರೋಗ ಹೊತ್ತಿತ್ತು. ತಾಯಿ ಹಾಲಿಲ್ಲ, ಔಷಧ ಇಲ್ಲ, ಒಂದರ ಹೇಲಿನಾಗ ಇನ್ನೊಂದು ಹೊಳ್ಳಾಡತಿತ್ತು. ಸಾಯಾಕಂತಲೇ ಅದು ನಿನ್ನ ಮನಿಗೆ ಬಂದಿತ್ತವ್ವಾ. ನೀ ಅದಕ್ಕ ನಾಕ ದಿನ ತಾಯಿ ಆದಿ. ಇಲ್ಲಂದ್ರ ಆ ಬುಟ್ಟಿಯಾಗೇ ಯಾರೂ ಇಲ್ಲದ ಸಾಯ್ತಿತ್ತು."

ಗಂಗುಬಾಯಿ ಬೆರಗಾಗಿ ಕೇಳುತ್ತಿದ್ದಳು. ದಿನಗಳನ್ನು ಮನಸ್ಸಿನಲ್ಲೇ ಎಣಿಸಿದಳೆಂದು ಕಾಣುತ್ತದೆ, ತುಟಿಗಳು ಅಲುಗುತ್ತಿದ್ದವು. ಆಮೇಲೆ ಗಂಡನ ಕಡೆ ನೋಡಿದಳು. ಅವಳಿಗೆ ಬೇಕಾದ ಮಾತು ಕುಲಸುಮಬಿಯದೂ ಅಲ್ಲ, ನನ್ನದೂ ಅಲ್ಲ, ಡಾಕ್ಟರದೂ ಅಲ್ಲ.

ಬೀರಣ್ಣ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. ಕುರುಬರ ಗಂಡಸು, ಇಬ್ಬರು ಹೆಂಗಸರ ಮುಂದೆ ಹೆಂಡತಿಗೆ ತಪ್ಪೊಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

"ತಪ್ಪು ನಂದೇ ಗಂಗೂ" ಎಂದ. "ತಾಯಿ ನೋಡದ ತಂದಾಂವ ನಾನು. ಒಂದ ಟಗರಿಗೆ ಮೂರ ಸರ್ತಿ ಹೋಗಾಂವ, ಅದಕ್ಕ ಮೂರ ಮಾತು ಕೇಳಲಿಲ್ಲ. ನನ್ನ ಸಿಟ್ಟು ಅವನ ಮ್ಯಾಲಿತ್ತು. ಅಂವ ಸಿಗಲಿಲ್ಲ, ನೀ ಸಿಕ್ಕಿ. ನಿನ್ನ ಕೈಗೆ ಆ ಮಾತು ಅಂದೇನಲ್ಲ, ನನ್ನ ನಾಲಿಗೀಗೆ ಬರಿ ಹಾಕಬೇಕು."

ಆಗ ಅತ್ತಳು ನೋಡಿ ಗಂಗುಬಾಯಿ. ಹನ್ನೊಂದು ದಿನ ಒಳಗೆ ಹಿಡಿದಿದ್ದ ಅಳು. ಕುಲಸುಮಬಿ ಅವಳ ಬೆನ್ನು ಸವರುತ್ತ ಕುಳಿತಳು. ಬೀರಣ್ಣ ಆಕಾಶ ನೋಡಿದ. ನಾನು, ಬಾಯಿ ಜಾಸ್ತಿ ಎನ್ನಿಸಿಕೊಂಡವಳು, ಏನು ಹೇಳಬೇಕೋ ತಿಳಿಯದೆ ಚೀಲದಿಂದ ಕುರಿಮರಿಯನ್ನು ಹೊರಗೆ ತೆಗೆದೆ. ಅದರ ಹಾಲಿನ ಹೊತ್ತಾಗಿತ್ತು, ಅರಚತೊಡಗಿತ್ತು. ಕುಲಸುಮಬಿಯ ಒಲೆಯಲ್ಲಿ ಹಾಲು ಬಿಸಿ ಮಾಡಿ, ಬಾಟಲಿಗೆ ತುಂಬಿ, ಮರಿಯ ಬಾಯಿಗೆ ಹಿಡಿದೆ. ಎಂದಿನಂತೆ ಹಾಲು ಮೂಗಿಗೆ ಹೋಗಿ ಮರಿ ಕೆಮ್ಮಿತು.

"ಅಯ್ಯ ಶಿವನೇ! ಹಂಗ ಹಿಡದ್ರ ಹಾಲು ಉಸಿರನಾಳಕ್ಕ ಹೋಗ್ತದ್ರಿ ಅಕ್ಕಾ! ಇಲ್ಲಿ ಕೊಡ್ರಿ" ಎಂದು ಗಂಗುಬಾಯಿ ಕೈ ಚಾಚಿದಳು.

ಕಣ್ಣೀರು ಇನ್ನೂ ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲೂ ಇಲ್ಲ. ಮರಿಯನ್ನು ನೆಟ್ಟಗೆ ನಿಲ್ಲಿಸಿ, ಗದ್ದದ ಕೆಳಗೆ ಎರಡು ಬೆರಳು ಕೊಟ್ಟು, ಬಾಟಲಿಯನ್ನು ಓರೆಯಾಗಿ ಹಿಡಿದಳು. "ಕುಡಿ ನನ್ನವ್ವಾ, ಕುಡಿ." ಮರಿ ಒಮ್ಮೆ ಚೀಪಿತು, ಇನ್ನೊಮ್ಮೆ ಚೀಪಿತು, ಆಮೇಲೆ ಬಾಲ ಅಲ್ಲಾಡಿಸುತ್ತ ಗಟಗಟ ಕುಡಿಯಿತು. ಬಾಟಲಿ ಖಾಲಿಯಾಯಿತು. ಜಾಲರಿಯ ಆಚೆ ಹಿರಣಿ ಗುರುಗುಡುವುದನ್ನು ಬಿಟ್ಟು, ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿ, ಇದನ್ನೇ ನೋಡುತ್ತಿತ್ತು.

"ನಿನಗ ಒಂದು ಮರಿ ಕೊಡ್ತೇನಿ ಬೇಟಿ" ಎಂದಳು ಕುಲಸುಮಬಿ.

ಬೀರಣ್ಣ ಎದ್ದೇ ನಿಂತ. "ಇವತ್ತೇ ಒಯ್ತೇವ್ರಿ ಅಮ್ಮಾ!"

"ಕುಂಡರೋ ಸುಮ್ಮ! ಮತ್ತ ಅದೇ ಅವಸರ. ಇವುಕ್ಕ ಈಗ ಏಳು ವಾರ. ಅದರಾಗ ನಿಮ್ಮನಿ ನೆಲದಾಗ ಆ ರೋಗ ಇನ್ನೂ ಅದ, ತಿಂಗಳಾನುಗಟ್ಟಲೆ ಇರ್ತದ. ಉಳಿದ ಲಸಿಕೆ ಎಲ್ಲಾ ಮುಗಿಯೂತನಕ, ಹದಿನಾರು ವಾರ ತುಂಬೂತನಕ, ಮರಿ ನನ್ನ ಹತ್ರೇ ಇರಲಿ. ಅಷ್ಟರಾಗ ನೀವು ಅಂಗಳ, ತಾಟು, ನೆಲ ಎಲ್ಲಾ ಬ್ಲೀಚಿಂಗ್ ನೀರಿಲೆ ತೊಳೀರಿ. ಸತ್ತ ಮರಿ ಮಲಗಿದ್ದ ಅರಿವಿ ಸುಡ್ರಿ. ಇನ್ನೊಂದು ಮಾತು. ಕಾಗದದಾಗ ಬರಸ್ಕೋತೇನಿ. ನಿಮಗ ಸಾಕಾಕ ಆಗಲಿಲ್ಲಂದ್ರ, ಐದು ವರ್ಷ ಆದ ಮ್ಯಾಲಾದ್ರೂ, ಮರಿ ನನ್ನ ಮನಿಗೇ ವಾಪಸ್ ಬರಬೇಕು. ಬೀದಿಗೆ ಬಿಡೂದು, ಮತ್ತೊಬ್ಬರಿಗೆ ಮಾರೂದು ನಡಿಯಂಗಿಲ್ಲ. ಏನರೆ ತ್ರಾಸ ಆದ್ರ ಯಾವಾಗ ಬೇಕಂದ್ರ ಆವಾಗ ಫೋನ್ ಹಚ್ಚರಿ. ನನ್ನ ಫೋನ್ ಬಂದ್ ಇರಂಗಿಲ್ಲ."

ಬೀರಣ್ಣ ಕುಳಿತ. "ಬುಟ್ಟಿಯವ ಐದ ಮಿನಿಟಿನಾಗ ಕೊಟ್ಟ, ನೀವು ಎರಡ ತಿಂಗಳ ಕಾಯಸ್ತೀರಿ" ಎಂದ, ಆದರೆ ನಗುತ್ತ ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಗೋಣಿಚೀಲ ಗಂಗುಬಾಯಿಯ ತೊಡೆಯ ಮೇಲಿತ್ತು. ಮುಂದಿನ ಎರಡು ತಿಂಗಳು ಅವಳು ನನ್ನ ತಲೆ ತಿಂದಳು. ಭಾನುವಾರ ಬಂತೆಂದರೆ ನನ್ನ ಫೋನಿನಿಂದ ಅಂದೋಲಾ ಕಡೆಗೆ ಮಾತು. ಮರಿಯ ಎರಡನೆಯ ಲಸಿಕೆ ಆಯಿತೇ, ಮೂರನೆಯದು ಆಯಿತೇ, ಹುಚ್ಚುನಾಯಿ ರೋಗದ ಸೂಜಿ ಆಯಿತೇ, ಸೂಜಿ ಚುಚ್ಚಿದಾಗ ಅತ್ತಿತೇ ಎಂದು ಕೇಳುತ್ತಿದ್ದಳು. ಆ ಮುದುಕಿಯೂ ಅಷ್ಟೇ, ಒಂದು ದಿನವೂ ಬೇಸರಿಸದೆ ಹೇಳಿದಳು. ಕೊನೆಗೆ ಗಂಡಹೆಂಡತಿ ಇಬ್ಬರೂ ಹೋಗಿ, ಹಿರಣಿಯ ಕಣ್ಣೆದುರೇ, ಕಂಬಳಿ ಮುಚ್ಚದೆ, ಮರಿಯನ್ನು ಮನೆಗೆ ತಂದರು. ಈಗ ಅದು ದಡ್ಡಿಯ ಸುತ್ತ ಓಡಾಡುತ್ತದೆ. ಹೋದ ವಾರ ಪಕ್ಕದೂರಿನವರು ಇನ್ನೊಂದು ತಬ್ಬಲಿ ಕುರಿಮರಿ ತಂದು ಗಂಗುಬಾಯಿಯ ಬಾಗಿಲಲ್ಲಿ ನಿಂತರು. ಅವಳು ಯಾಕೆ, ಏನು ಎಂದು ಕೇಳದೆ ತೊಡೆಯ ಮೇಲೆ ಹಾಕಿಕೊಂಡಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀವೂ ನಾಯಿಮರಿ ತರಲು ಹೊರಡುವವರೇ. ನಮ್ಮೂರ ಬೀದಿಯಲ್ಲಿ ಹುಟ್ಟಿದ ಮರಿಯನ್ನೇ ಸಾಕಿದರೆ ಬಹಳ ಒಳ್ಳೆಯದು, ಅದಕ್ಕೂ ಲಸಿಕೆ ಹಾಕಿಸಿ. ಜಾತಿ ನಾಯಿಯೇ ಬೇಕೆಂದರೆ ಮೊದಲು ಮಾರುವವರ ಮನೆಗೆ ಹೋಗಿ. ತಾಯಿಯನ್ನು ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದು ಬನ್ನಿ, ಮುಲಾಜು ಬೇಡ. ಮರಿಗೆ ಎಂಟು ವಾರ ತುಂಬಿದೆಯೇ, ಲಸಿಕೆಯ ಕಾರ್ಡು ಇದೆಯೇ, ಮಲಗುವ ಜಾಗ ಸ್ವಚ್ಛವಾಗಿದೆಯೇ, ತಾಯಿ ಎಷ್ಟು ಸಲ ಮರಿ ಹಾಕಿದೆ, ಇವನ್ನು ನಾಚದೆ ಕೇಳಿ. ನಿಮ್ಮನ್ನೇ ತಿರುಗಿ ನೂರು ಪ್ರಶ್ನೆ ಕೇಳುವವರು ಸಿಕ್ಕರೆ ಸಿಟ್ಟಾಗಬೇಡಿ, ಅವರ ಹತ್ತಿರವೇ ತೆಗೆದುಕೊಳ್ಳಿ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ, ಫೋನಿನಲ್ಲಿ ಫೋಟೋ ತೋರಿಸಿ ಮಾರುವವರಿಂದ, ಮರಿಯ ಮುಖ ನೋಡಿ ಕರುಣೆ ಬಂದರೂ, ಕೊಳ್ಳಬೇಡಿ. ಒಂದನ್ನು ಕೊಂಡರೆ ಅವನು ಇನ್ನೊಂದು ಬುಟ್ಟಿ ತುಂಬಿಸುತ್ತಾನೆ. ಮನೆಯ ಪ್ರಾಣಿಗೆ ಕಾಯಿಲೆ ಬಂದರೆ ತಡ ಮಾಡದೆ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಮತ್ತು ಗಂಡಸರೇ, ಇದು ನಿಮಗೆ. ಮನೆಯಲ್ಲಿ ಒಂದು ಮರಿ ಸತ್ತರೆ, ಅದಕ್ಕೆ ಹಾಲು ಕುಡಿಸಿದ ಕೈಯನ್ನು ಬೈಯಬೇಡಿ. ಅದನ್ನು ಮಾರಿದ ಕೈ ಯಾವುದು ಎಂದು ಕೇಳಿ, ಆ ಕೈಯಿಂದ ಇನ್ನೊಬ್ಬರು ಕೊಳ್ಳದಂತೆ ಊರಿಗೆಲ್ಲ ಹೇಳಿ.